ಮನೆಗೆ ಕೇಬಲ್ ಒಳ್ಳೆಯದೋ, ವೈ-ಫೈ ಒಳ್ಳೆಯದೋ?

2020ರ ಲಾಕ್‌ಡೌನ್ ಸಮಯದಲ್ಲಿ ನಾವೆಲ್ಲರೂ ಮನೆಯಲ್ಲೇ ಕುಳಿತು ಬಲಿಪೂಜೆಯ ನೇರಪ್ರಸಾರ ನೋಡಿದೆವು. ಈಗಲೂ ಚರ್ಚ್‌ಗೆ ಬರಲಾಗದ ಹಿರಿಯರಿಗೆ, ರೋಗಿಗಳಿಗೆ ಅದೇ ಆಸರೆ. ಪೂಜೆಯ ನಡುವೆ ಚಿತ್ರ ನಿಂತುಹೋದರೆ ಅವರಿಗಾಗುವ ಬೇಸರ ಸಣ್ಣದಲ್ಲ. ಹಲವು ಸಲ ದೋಷ ಇಂಟರ್ನೆಟ್‌ನದ್ದಲ್ಲ, ಮನೆಯೊಳಗೆ ಅದನ್ನು ಹಂಚಿದ ರೀತಿಯದ್ದು.

ವೈ-ಫೈ: ಗೋಡೆ ಕೊರೆಯಬೇಕಾಗಿಲ್ಲ, ಮೊಬೈಲ್‌ಗಳಿಗೆ ಇದೇ ಅನುಕೂಲ. ಆದರೆ ನಮ್ಮ ಕರಾವಳಿಯ ಹಳೆಯ ಮನೆಗಳ ದಪ್ಪ ಕೆಂಪುಕಲ್ಲಿನ ಗೋಡೆಗಳನ್ನು ದಾಟುವಾಗ ಅಲೆಗಳು ದುರ್ಬಲವಾಗುತ್ತವೆ. 2.4 ಗಿಗಾಹರ್ಟ್ಸ್ ಅಲೆ ಹೆಚ್ಚು ದೂರ ತಲುಪುತ್ತದೆ, ಆದರೆ ಮೈಕ್ರೋವೇವ್ ಒಲೆ, ನೆರೆಮನೆಯ ವೈ-ಫೈ ಅದಕ್ಕೆ ಅಡ್ಡಿ ಮಾಡುತ್ತವೆ. 5 ಗಿಗಾಹರ್ಟ್ಸ್‌ನಲ್ಲಿ ವೇಗ ಹೆಚ್ಚು, ಗೋಡೆ ದಾಟುವ ಶಕ್ತಿ ಕಡಿಮೆ. ರೂಟರನ್ನು ಕಪಾಟಿನೊಳಗೆ ಇಡದೆ, ಮನೆಯ ಮಧ್ಯಭಾಗದಲ್ಲಿ ಎತ್ತರದಲ್ಲಿಡುವುದು ಉತ್ತಮ.

ಕೇಬಲ್: ಕ್ಯಾಟ್-5ಇ ಅಥವಾ ಕ್ಯಾಟ್-6 ಕೇಬಲ್ 100 ಮೀಟರ್ ದೂರದವರೆಗೆ ಸೆಕೆಂಡಿಗೆ 1 ಗಿಗಾಬಿಟ್ ವೇಗ ಕೊಡುತ್ತದೆ. ನಡುವೆ ಎಷ್ಟು ಗೋಡೆಗಳಿದ್ದರೂ ಸರಿ. ಹೊಸ ಮನೆ ಕಟ್ಟುವವರು ವಯರಿಂಗ್ ಮಾಡಿಸುವಾಗಲೇ ಇದಕ್ಕೆ ಪ್ರತ್ಯೇಕ ಪೈಪ್ ಹಾಕಿಸಿಕೊಂಡರೆ ಮುಂದೆ ಗೋಡೆ ಒಡೆಯುವ ಕೆಲಸವಿಲ್ಲ.

ಸಿಡಿಲಿನ ಎಚ್ಚರ: ಮಳೆಗಾಲದ ಮುಂಚೆ ಮತ್ತು ಕೊನೆಯಲ್ಲಿ ನಮ್ಮಲ್ಲಿ ಗುಡುಗು ಸಿಡಿಲು ಸಾಮಾನ್ಯ. ತಾಮ್ರದ ನೆಟ್‌ವರ್ಕ್ ಕೇಬಲ್ ಮೂಲಕವೂ ವಿದ್ಯುತ್ ಹರಿದು ಕಂಪ್ಯೂಟರ್ ಸುಟ್ಟುಹೋಗಬಹುದು. ಆದ್ದರಿಂದ ಗುಡುಗು ಆರಂಭವಾಗುವ ಮೊದಲೇ ಕರೆಂಟಿನ ಪ್ಲಗ್ ಜೊತೆ ಈ ಕೇಬಲನ್ನೂ ತೆಗೆದಿಡಿ. ಚರ್ಚ್‌ನಿಂದ ಧರ್ಮಗುರುಗಳ ನಿವಾಸಕ್ಕೆ ಸಂಪರ್ಕ ಎಳೆಯುವುದಾದರೆ ತಾಮ್ರಕ್ಕಿಂತ ಲೋಹದ ತಂತಿಯಿಲ್ಲದ ಆಪ್ಟಿಕಲ್ ಫೈಬರ್ ಸುರಕ್ಷಿತ. ಗಾಜಿನ ಎಳೆಯಲ್ಲಿ ವಿದ್ಯುತ್ ಹರಿಯುವುದಿಲ್ಲ.

ಗೌಪ್ಯತೆ: ಚರ್ಚ್ ಕಚೇರಿಯ ಕಂಪ್ಯೂಟರಿನಲ್ಲಿ ದೀಕ್ಷಾಸ್ನಾನ, ವಿವಾಹದ ದಾಖಲೆಗಳಿರುತ್ತವೆ. ವೈ-ಫೈ ಅಲೆ ಕಾಂಪೌಂಡ್ ಗೋಡೆಗೆ ನಿಲ್ಲುವುದಿಲ್ಲ. ಹಳೆಯ ವೆಪ್ ರಕ್ಷಣೆಯನ್ನು ಸುಲಭವಾಗಿ ಮುರಿಯಬಹುದು. ಡಬ್ಲ್ಯುಪಿಎ2 ಅಥವಾ ಡಬ್ಲ್ಯುಪಿಎ3 ಆರಿಸಿ, ಉದ್ದನೆಯ ಪಾಸ್‌ವರ್ಡ್ ಇಡಿ, ರೂಟರಿನ ಜೊತೆ ಬಂದ ಪಾಸ್‌ವರ್ಡ್ ಬದಲಿಸಿ. ಅತಿಥಿಗಳಿಗೆ ಬೇರೆಯೇ 'ಗೆಸ್ಟ್' ಸಂಪರ್ಕ ಕೊಡಿ.

ಹಾಗಾದರೆ ಯಾವುದು? ಒಂದನ್ನೇ ಆರಿಸಬೇಕೆಂದೇನಿಲ್ಲ. ಇದ್ದಲ್ಲೇ ಇರುವ ಟಿವಿ, ಕಚೇರಿಯ ಕಂಪ್ಯೂಟರ್, ನೇರಪ್ರಸಾರದ ಉಪಕರಣಗಳಿಗೆ ಕೇಬಲ್, ಕೈಯಲ್ಲಿ ಹಿಡಿದು ತಿರುಗುವ ಸಾಧನಗಳಿಗೆ ವೈ-ಫೈ. ಮನೆಯಲ್ಲಿ ಒಂದೇ ಕೇಬಲ್ ಎಳೆಯಲು ಸಾಧ್ಯವಿದ್ದರೆ, ಅದು ಮೊದಲು ಅಜ್ಜ-ಅಜ್ಜಿ ಪೂಜೆ ನೋಡುವ ಟಿವಿಗೆ ತಲುಪಲಿ ಎಂಬುದು ನಮ್ಮ ಸಲಹೆ.