ದೀಪದ ಹುಳು, ಇರುವೆಯ ಊಟ

ಮಿರುಗದ ಮಳೆ ಬಿದ್ದ ಮಾರನೆಯ ಸಂಜೆ ಮಟಮಾರಿಯಲ್ಲಿ ಯಾವುದಾದರೊಂದು ಬೀದಿ ದೀಪದ ಕೆಳಗೆ ನಿಂತು ನೋಡಿ. ದೀಪದ ಸುತ್ತ ರೆಕ್ಕೆಯ ಗೆದ್ದಲು, ಪತಂಗ, ದುಂಬಿ, ಜಿಗಿಹುಳುಗಳ ಜಾತ್ರೆ ನೆರೆದಿರುತ್ತದೆ. ಕಂಬದ ಮೇಲೆ ಹಲ್ಲಿ, ಬುಡದಲ್ಲಿ ಕಪ್ಪೆ ಕಾದು ಕುಳಿತಿರುತ್ತವೆ. ಇನ್ನೂ ಸ್ವಲ್ಪ ಬಗ್ಗಿ ನೋಡಿದರೆ, ರೆಕ್ಕೆ ಕಳಚಿ ಬಿದ್ದ ಗೆದ್ದಲನ್ನು ಕಚ್ಚಿಕೊಂಡು ಸಾಲಾಗಿ ಗೂಡಿಗೆ ಮರಳುವ ಕರಿ ಇರುವೆಗಳು ಕಾಣುತ್ತವೆ. ಬೆಳಕು ಹುಳುವನ್ನು ಕರೆಯಿತು, ಹುಳು ಇರುವೆಗೆ ಊಟವಾಯಿತು. ಇದೇ ಸರಪಳಿಯನ್ನು ಮನೆಯ ಅಂಗಳದಲ್ಲಿ ಕಟ್ಟಿ ನೋಡುವ ವಿದ್ಯಾರ್ಥಿಗೆ ಒಂದು ಪುಟ್ಟ ಪ್ರಯೋಗಾಲಯವೇ ಸಿಕ್ಕಂತೆ. ಖರ್ಚು ಬಹಳ ಕಡಿಮೆ; ಬೇಕಾದದ್ದು ತಾಳ್ಮೆ ಮತ್ತು ಒಂದಿಷ್ಟು ಎಚ್ಚರ.

ಹುಳುಗಳು ದೀಪಕ್ಕೆ ಏಕೆ ಬರುತ್ತವೆ?

ದೀಪದ ಮೇಲಿನ ಮೋಹದಿಂದ ಪತಂಗ ಸುಟ್ಟುಕೊಳ್ಳುತ್ತದೆ ಎಂಬುದು ಕವಿಗಳ ಮಾತು. ಚಂದ್ರನನ್ನು ನೋಡಿ ದಾರಿ ಹಿಡಿಯುವ ಕೀಟ ದೀಪವನ್ನೇ ಚಂದ್ರನೆಂದು ಭ್ರಮಿಸುತ್ತದೆ ಎಂಬುದು ಬಹುಕಾಲ ಪುಸ್ತಕಗಳಲ್ಲಿದ್ದ ವಿವರಣೆ. ೨೦೨೪ರ ಜನವರಿಯಲ್ಲಿ ಸ್ಯಾಮ್ಯುಯೆಲ್ ಫೇಬಿಯನ್, ಯಶ್ ಸೋಂಧಿ ಮತ್ತು ಅವರ ಸಂಗಡಿಗರು ಪ್ರಕಟಿಸಿದ ಸಂಶೋಧನೆ ಬೇರೆಯದನ್ನೇ ಹೇಳಿತು. ಅತಿ ವೇಗದ ಕ್ಯಾಮೆರಾಗಳಿಂದ ಚಿತ್ರಿಸಿ ನೋಡಿದಾಗ, ಹೆಚ್ಚಿನ ಕೀಟಗಳು ದೀಪದ ಕಡೆಗೆ ನೇರವಾಗಿ ಹಾರುತ್ತಿರಲಿಲ್ಲ. ತಮ್ಮ ಬೆನ್ನನ್ನು ದೀಪಕ್ಕೆ ತಿರುಗಿಸುತ್ತಿದ್ದವು.

ಇದಕ್ಕೆ ಕಾರಣ ಸರಳ. ಕೋಟ್ಯಂತರ ವರ್ಷಗಳಿಂದ ರಾತ್ರಿಯಲ್ಲೂ ನೆಲಕ್ಕಿಂತ ಆಕಾಶವೇ ಹೆಚ್ಚು ಬೆಳಕಿನದು. ಬೆಳಕಿರುವ ಕಡೆಗೆ ಬೆನ್ನು ಮಾಡಿದರೆ ಹೊಟ್ಟೆ ತಾನಾಗಿ ನೆಲದ ಕಡೆಗಿರುತ್ತದೆ, ಹಾರಾಟ ನೆಟ್ಟಗಿರುತ್ತದೆ. ಮನುಷ್ಯ ಪಕ್ಕದಲ್ಲೊಂದು ದೀಪ ಹಚ್ಚಿದೊಡನೆ ಈ ಲೆಕ್ಕ ತಪ್ಪುತ್ತದೆ. ಕೀಟ ಮತ್ತೆ ಮತ್ತೆ ದೀಪಕ್ಕೆ ಬೆನ್ನು ತಿರುಗಿಸುತ್ತಾ ಅದರ ಸುತ್ತಲೇ ಗಿರಕಿ ಹೊಡೆಯುತ್ತದೆ. ದೀಪವನ್ನು ನೆಲದ ಮೇಲಿಟ್ಟು ಮೇಲ್ಮುಖವಾಗಿ ಬೆಳಗಿಸಿದಾಗ ಎಷ್ಟೋ ಕೀಟಗಳು ಗಾಳಿಯಲ್ಲೇ ಅಂಗಾತವಾಗಿ ಕೆಳಗೆ ಬಿದ್ದವು. ಎಂದರೆ ಹುಳು ದೀಪಕ್ಕೆ ಒಲಿದು ಬರುವುದಿಲ್ಲ, ಸಿಕ್ಕಿಬೀಳುತ್ತದೆ. ಈ ಪ್ರಯೋಗಕ್ಕೆ ಕೈಹಾಕುವವರು ಮೊದಲು ನೆನಪಿಡಬೇಕಾದ ಮಾತು ಇದು.

ಎಲ್ಲ ದೀಪಗಳೂ ಒಂದೇ ಅಲ್ಲ. ನಮ್ಮ ಕಣ್ಣಿಗೆ ಕಾಣದ ನೇರಳಾತೀತ ಕಿರಣಗಳು ಅನೇಕ ಕೀಟಗಳಿಗೆ ಚೆನ್ನಾಗಿ ಕಾಣುತ್ತವೆ. ಆದ್ದರಿಂದಲೇ ಹಳೆಯ ಪಾದರಸದ ದೀಪಗಳಿಗೆ ಹುಳುಗಳು ಮುತ್ತುತ್ತಿದ್ದವು. ಹಳದಿ ಬಣ್ಣದ ಎಲ್‌ಇಡಿ ಬಲ್ಬಿಗೆ ಬರುವುದು ಕಡಿಮೆ. ಹುಣ್ಣಿಮೆಗಿಂತ ಅಮಾವಾಸ್ಯೆಯ ಆಸುಪಾಸಿನಲ್ಲಿ ಹುಳುಗಳು ಹೆಚ್ಚು ಸಿಗುತ್ತವೆ. ಹದಿನೈದು ದಿನ ಒಂದೇ ಹೊತ್ತಿಗೆ, ಒಂದೇ ದೀಪ ಹಚ್ಚಿ ಎಣಿಸಿದರೆ ವಿದ್ಯಾರ್ಥಿಯೇ ಇದನ್ನು ಕಂಡುಕೊಳ್ಳಬಹುದು.

ಧೋತರ ಕಟ್ಟಿ, ಒಂದು ತಾಸು

ವಿಧಾನ ಸುಲಭ. ಅಂಗಳದಲ್ಲಿ ಹಗ್ಗ ಕಟ್ಟಿ ಹಳೆಯ ಬಿಳಿ ಧೋತರವೊಂದನ್ನು ಇಳಿಬಿಡಬೇಕು. ಅದರ ಮುಂದೆ ಬ್ಯಾಟರಿಯಿಂದ ಉರಿಯುವ ಬಿಳಿ ದೀಪ ಇಡಬೇಕು. ಮಳೆಗಾಲದ ಒದ್ದೆ ನೆಲದಲ್ಲಿ ಮನೆಯ ವಿದ್ಯುತ್ ವೈರು ಎಳೆಯುವುದು ಬೇಡ. ಹುಳುವಿಗೆ ಕಪ್ಪೆ, ಕಪ್ಪೆಗೆ ಹಾವು ಬರುವುದರಿಂದ ಕಾಲಿಗೆ ಚಪ್ಪಲಿ, ಜೊತೆಗೊಬ್ಬ ಹಿರಿಯರು ಇರಲೇಬೇಕು. ಕತ್ತಲಾದ ಮೇಲೆ ಒಂದು ತಾಸು ಸಾಕು. ಆಮೇಲೆ ದೀಪ ಆರಿಸಿದರೆ ಸಿಕ್ಕಿಬಿದ್ದ ಹುಳುಗಳು ತಮ್ಮ ದಾರಿ ಹಿಡಿಯುತ್ತವೆ.

ಒಂದು ಹುಳುವಿನ ಬಗ್ಗೆ ಮಾತ್ರ ವಿಶೇಷ ಎಚ್ಚರ ಬೇಕು. ಅಕ್ಕಿಕಾಳಿನಷ್ಟು ಉದ್ದದ, ಕಿತ್ತಳೆ ಮತ್ತು ಕಪ್ಪು ಪಟ್ಟಿಗಳ ಪೆಡೆರಸ್ ಎಂಬ ದುಂಬಿ ಭತ್ತದ ಗದ್ದೆಗಳಿಂದ ದೀಪಕ್ಕೆ ಬರುತ್ತದೆ. ಅದು ಕಚ್ಚುವುದಿಲ್ಲ, ಕುಟುಕುವುದಿಲ್ಲ. ಆದರೆ ಮೈಮೇಲೆ ಉಜ್ಜಿ ಕೊಂದರೆ ಅದರ ದೇಹದಲ್ಲಿರುವ ಪೆಡೆರಿನ್ ಎಂಬ ವಿಷ ತಗುಲಿ ಚರ್ಮ ಉರಿದು ಬೊಬ್ಬೆ ಏಳುತ್ತದೆ. ಮೈಮೇಲೆ ಕುಳಿತರೆ ಊದಿ ಹಾರಿಸಬೇಕು. ತಗುಲಿದ ಜಾಗವನ್ನು ಸಾಬೂನಿನಿಂದ ತೊಳೆಯಬೇಕು. ಸ್ವಾರಸ್ಯವೆಂದರೆ ಇದೇ ದುಂಬಿ ಭತ್ತಕ್ಕೆ ಕಾಟ ಕೊಡುವ ಜಿಗಿಹುಳುಗಳನ್ನು ತಿಂದು ರೈತನಿಗೆ ನೆರವಾಗುತ್ತದೆ. ಕಾಂಡ ಕೊರಕದ ಪತಂಗವನ್ನು ಹಿಡಿಯಲು ಹೊಲದಲ್ಲಿ ಇಡುವ ದೀಪದ ಬಲೆಗೆ ಇಂಥ ಮಿತ್ರ ಕೀಟಗಳೂ ಬೀಳುತ್ತವೆ. ದೀಪಕ್ಕೆ ಶತ್ರು ಯಾರು, ಮಿತ್ರ ಯಾರು ಎಂಬ ಭೇದ ತಿಳಿಯದು. ಇರುಳಿಡೀ ದೀಪ ಉರಿಸಬಾರದೆನ್ನುವುದು ಇದಕ್ಕಾಗಿಯೇ.

ಗಾಜಿನ ನಳಿಕೆಯಲ್ಲಿ ರಾಣಿ

ಮಳೆಯ ನಂತರ ದೀಪಕ್ಕೆ ಬರುವವರಲ್ಲಿ ರೆಕ್ಕೆಯ ಇರುವೆಗಳೂ ಇರುತ್ತವೆ. ಅವು ಗಂಡುಗಳು ಮತ್ತು ಮುಂದೆ ರಾಣಿಯಾಗಲಿರುವ ಹೆಣ್ಣುಗಳು. ಆಗಸದಲ್ಲಿ ಕೂಡಿದ ಮೇಲೆ ಗಂಡುಗಳು ಸಾಯುತ್ತವೆ. ಹೆಣ್ಣು ನೆಲಕ್ಕಿಳಿದು ರೆಕ್ಕೆ ಕಳಚಿ ಗೂಡಿಗೆ ಜಾಗ ಹುಡುಕುತ್ತದೆ. ರೆಕ್ಕೆ ಕಳಚಿ ಓಡಾಡುವ ದಪ್ಪ ಇರುವೆ ಕಂಡರೆ ಅದು ರಾಣಿಯಾಗಿರುವ ಸಂಭವ ಹೆಚ್ಚು.

ಅದಕ್ಕೆ ಮನೆ ಮಾಡಿಕೊಡುವುದೂ ಸುಲಭ. ಗಾಜಿನ ಪ್ರನಾಳದ ತಳದಲ್ಲಿ ನೀರು ತುಂಬಿ, ಅದು ಹರಿಯದಂತೆ ಅರಳೆಯನ್ನು ಬಿಗಿಯಾಗಿ ತುರುಕಬೇಕು. ಹತ್ತಿ ಬೆಳೆಯುವ ಸೀಮೆಯಲ್ಲಿ ಅರಳೆಗೇನು ಬರ! ಉಳಿದ ಜಾಗದಲ್ಲಿ ರಾಣಿಯನ್ನು ಬಿಟ್ಟು, ಬಾಯಿಗೂ ಅರಳೆ ಮುಚ್ಚಿ, ಕತ್ತಲಲ್ಲಿ ಇಡಬೇಕು. ಕರಿಗೊದ್ದದಂಥ ಜಾತಿಗಳ ರಾಣಿಗೆ ಮೊದಲ ಕೆಲಸಗಾರ್ತಿಯರು ಹುಟ್ಟುವವರೆಗೆ ಊಟವೇ ಬೇಡ. ಇನ್ನೆಂದೂ ಹಾರಬೇಕಿಲ್ಲದ ಆಕೆ ತನ್ನ ರೆಕ್ಕೆಯ ಸ್ನಾಯುಗಳನ್ನೇ ಕರಗಿಸಿ ಮರಿಗಳಿಗೆ ಉಣಿಸುತ್ತಾಳೆ. ಈ ಕೆಲವು ವಾರಗಳಲ್ಲಿ ದಿನಕ್ಕೆ ಹತ್ತು ಸಲ ಪ್ರನಾಳ ಎತ್ತಿ ನೋಡುವ ಹುಡುಗರೇ ಎಷ್ಟೋ ಗೂಡುಗಳನ್ನು ಕೆಡಿಸುತ್ತಾರೆ. ಅಲುಗಾಟಕ್ಕೆ ಬೆದರಿದ ರಾಣಿ ತನ್ನ ಮೊಟ್ಟೆಗಳನ್ನೇ ತಿಂದುಬಿಡಬಹುದು.

ಯಾರಿಗೆ ಯಾವ ಊಟ?

ಕೆಲಸಗಾರ್ತಿಯರು ಹುಟ್ಟಿದ ಮೇಲೆ ಊಟದ ಪ್ರಶ್ನೆ ಬರುತ್ತದೆ. ಬೆಳೆದ ಇರುವೆಯ ನಡು ದಾರದಂತೆ ಸಣ್ಣದು. ಗಟ್ಟಿ ಆಹಾರ ಅದರೊಳಗೆ ಇಳಿಯದು. ಅದಕ್ಕೆ ಬೇಕಾದದ್ದು ಸಕ್ಕರೆ ನೀರಿನಂಥ ದ್ರವ. ದೀಪಕ್ಕೆ ಬಂದ ಹುಳುವಿನ ಮಾಂಸ ಮುಖ್ಯವಾಗಿ ಮರಿಗಳ ಪಾಲು, ಮೊಟ್ಟೆಯಿಡುವ ರಾಣಿಗೂ ಅದರ ಸಾರ ಬೇಕು. ಹೊರಗೆ ಹೋಗಿ ಉಂಡುಬಂದ ಇರುವೆ ತನ್ನೊಳಗಿನ ಒಂದು ಚೀಲದಲ್ಲಿ ದ್ರವವನ್ನು ತುಂಬಿಕೊಂಡು ಬಂದು, ಬಾಯಿಗೆ ಬಾಯಿ ಹಚ್ಚಿ ಉಳಿದವರಿಗೆ ಹಂಚುತ್ತದೆ. ಸಕ್ಕರೆ ನೀರಿಗೆ ಅಡುಗೆಯ ಬಣ್ಣ ಬೆರೆಸಿದರೆ, ತೆಳು ಮೈಯ ಇರುವೆಗಳ ಹೊಟ್ಟೆಯಲ್ಲಿ ಆ ಬಣ್ಣ ಒಬ್ಬರಿಂದೊಬ್ಬರಿಗೆ ಸಾಗುವುದನ್ನು ಕಾಣಬಹುದು.

ಎರಡು ಮೂರು ದಿನಕ್ಕೊಮ್ಮೆ ಒಂದು ಹನಿ ಸಿಹಿ, ಗೂಡಿನ ಗಾತ್ರಕ್ಕೆ ತಕ್ಕಂತೆ ಒಂದು ಗೆದ್ದಲು ಅಥವಾ ರೆಕ್ಕೆ ತೆಗೆದ ಸಣ್ಣ ಪತಂಗ ಸಾಕು. ಹುಳುವನ್ನು ಕುದಿಯುವ ನೀರಿನಲ್ಲಿ ಕ್ಷಣಕಾಲ ಅದ್ದಿ ಕೊಡುವುದು ಒಳ್ಳೆಯದು. ಉಳಿದ ಚೂರನ್ನು ಮರುದಿನ ತೆಗೆಯದಿದ್ದರೆ ಬೂಷ್ಟು ಹಿಡಿಯುತ್ತದೆ.

ಇಲ್ಲಿಯೇ ದೊಡ್ಡ ಅಪಾಯವಿರುವುದು. ರಾಯಚೂರು, ಮಾನ್ವಿ, ದೇವದುರ್ಗದ ಸುತ್ತ ಹತ್ತಿ, ತೊಗರಿ, ಭತ್ತಕ್ಕೆ ಔಷಧ ಹೊಡೆಯುವ ದಿನಗಳಲ್ಲಿ ದೀಪಕ್ಕೆ ಬಂದ ಹುಳುವಿನ ಮೈಯಲ್ಲಿ ವಿಷ ಇರಬಹುದು. ಆ ಒಂದು ಹುಳುವಿನ ಸಾರ ಬಾಯಿಂದ ಬಾಯಿಗೆ ಹಂಚಿಕೆಯಾಗಿ ಇಡೀ ಗೂಡನ್ನು ಮುಗಿಸಬಲ್ಲದು. ಹಂಚಿ ಉಣ್ಣುವ ಗುಣವೇ ಆಗ ಮುಳುವಾಗುತ್ತದೆ. ನಡುಗುವ, ಕಾಲು ಮೇಲಾಗಿ ಒದ್ದಾಡುವ ಹುಳುವನ್ನು ಕೊಡಲೇಬಾರದು. ಹತ್ತಿರದ ಹೊಲಕ್ಕೆ ಔಷಧ ಹೊಡೆದ ವಾರದಲ್ಲಿ ದೀಪದ ಹುಳುವಿನ ಬದಲು ಬೇಯಿಸಿದ ಮೊಟ್ಟೆಯ ಚೂರು ಕೊಡುವುದು ಲೇಸು. ಹೊಲದಲ್ಲಿ ಎಂದು, ಯಾವ ಔಷಧ ಹೊಡೆದರೆಂದು ಮನೆಯ ಹಿರಿಯರನ್ನು ಕೇಳಿ ಬರೆದಿಡುವುದೂ ವಿಜ್ಞಾನದ ಪಾಠವೇ.

ಬ್ಯಾಂಕಿನವನ ಇರುವೆಗಳು

ಹೀಗೆ ಇರುವೆ ಸಾಕಿದವರಲ್ಲಿ ಹೆಸರಾದವನು ಇಂಗ್ಲೆಂಡಿನ ಜಾನ್ ಲಬಕ್. ವೃತ್ತಿಯಿಂದ ಬ್ಯಾಂಕಿನವನು. ಎರಡು ಗಾಜಿನ ಹಲಗೆಗಳ ನಡುವೆ ಗೂಡು ಮಾಡಿಸಿ ಇರುವೆಗಳನ್ನು ನೋಡುತ್ತಿದ್ದ. ಆತ ಸಾಕಿದ ಒಂದು ರಾಣಿ ೧೪ ವರ್ಷಕ್ಕೂ ಹೆಚ್ಚು ಬದುಕಿತು. ಗೂಡಿನ ಮೇಲೆ ಕಾಮನಬಿಲ್ಲಿನ ಬಣ್ಣಗಳನ್ನು ಚೆಲ್ಲಿದಾಗ, ಮನುಷ್ಯನಿಗೆ ಕತ್ತಲೆಯಾಗಿ ಕಾಣುವ ನೇರಳೆಯಾಚೆಯ ಜಾಗದಿಂದ ಇರುವೆಗಳು ತಮ್ಮ ಮರಿಗಳನ್ನು ಹೊತ್ತೊಯ್ದವು. ಇರುವೆಗೆ ನೇರಳಾತೀತ ಕಿರಣ ತಿಳಿಯುತ್ತದೆಂಬುದು ಹಾಗೆ ಗೊತ್ತಾಯಿತು. ಈ ಬಣ್ಣದ ಪ್ರಯೋಗದ ವಿವರವಿರುವ ಆತನ ಪುಸ್ತಕ ೧೮೮೨ರಲ್ಲಿ ಹೊರಬಂತು.

ನಮ್ಮಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಘವೇಂದ್ರ ಗದಗಕರ್ ಕಣಜಗಳ ಸಮಾಜವನ್ನು ದಶಕಗಳ ಕಾಲ ಅಭ್ಯಾಸ ಮಾಡಿದವರು. ಅಲ್ಪ ಖರ್ಚಿನಲ್ಲೇ ಉನ್ನತ ಸಂಶೋಧನೆ ಸಾಧ್ಯವೆಂದು ತೋರಿಸಲು ಪ್ರಾಣಿಗಳ ನಡವಳಿಕೆಯ ಪ್ರಯೋಗಗಳ ಬಗ್ಗೆ ಅವರು ಪುಸ್ತಕವನ್ನೇ ಬರೆದಿದ್ದಾರೆ. ಹಳ್ಳಿಯ ಶಾಲೆಯ ಮಕ್ಕಳಿಗೆ ಇದಕ್ಕಿಂತ ದೊಡ್ಡ ಭರವಸೆ ಬೇಕೆ?

ಇನ್ನು ಪಾಲಕರಿಗೆ ಒಂದು ಮಾತು. ಹುಳು ಹಿಡಿಯುತ್ತಾ ಕುಳಿತರೆ ಓದು ಹಾಳೆಂಬ ಭಯ ಸಹಜ. ದಿನಾಂಕ, ಹೊತ್ತು, ಮಳೆ, ಚಂದ್ರನ ಸ್ಥಿತಿ, ಬಂದ ಹುಳುಗಳ ಎಣಿಕೆ, ಇರುವೆ ಉಂಡದ್ದು ಬಿಟ್ಟದ್ದು ಇವಿಷ್ಟನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆಯುವ ಶಿಸ್ತು ಹಾಕಿಕೊಟ್ಟರೆ ಸಾಕು, ಅದೂ ಓದೇ ಆಗುತ್ತದೆ. ಸಾಕಲು ಬೇಸರವಾದಾಗ ಇರುವೆಗಳನ್ನು ಸಿಕ್ಕಿದ ಜಾಗದಲ್ಲೇ ಬಿಡಬೇಕು. ಬೇರೆ ಊರಿಗೆ ಒಯ್ಯಬಾರದು. ದೀಪ ಆರಿಸುವುದನ್ನೂ ಮರೆಯಬಾರದು.