ಬೆಂಗಳೂರು ಬ್ಲೂ ದ್ರಾಕ್ಷಿ: ಮೂಲ ಮತ್ತು ಸ್ವಭಾವ

ಒಂದು ಪದಾರ್ಥಕ್ಕೆ ಊರಿನ ಹೆಸರಿದ್ದ ಮಾತ್ರಕ್ಕೆ ಅದು ಆ ಊರಿನಲ್ಲಿಯೇ ಹುಟ್ಟಿತೆಂದು ನಿರ್ಣಯಿಸುವುದು ಇತಿಹಾಸದ ವಿದ್ಯಾರ್ಥಿಗೆ ಉಚಿತವಲ್ಲ. ಹಾಗೆಯೇ, ಅದು ಬೇರೆಡೆ ಹುಟ್ಟಿತೆಂದು ತಿಳಿದೊಡನೆ ಊರಿನ ಹೆಸರನ್ನು ಸುಳ್ಳೆನ್ನುವುದೂ ಸಲ್ಲದು. ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರ, ಕೋಲಾರ ಸೀಮೆಗಳ ‘ಬೆಂಗಳೂರು ಬ್ಲೂ’ ದ್ರಾಕ್ಷಿ ಈ ಎರಡು ಮಾತುಗಳಿಗೂ ನಿದರ್ಶನವಾಗಿದೆ.

ದ್ರಾಕ್ಷಾಮದ್ಯವನ್ನು ಸ್ಥಳನಾಮದಿಂದ ಗುರುತಿಸುವ ಪದ್ಧತಿಯ ಪರಿಪಕ್ವ ರೂಪವನ್ನು ನಾವು ಇಟಲಿಯಲ್ಲಿ ಕಾಣುತ್ತೇವೆ. ವಾಯವ್ಯ ಭಾಗದ ಪೀಡ್‌ಮಾಂಟ್ ಪ್ರಾಂತದ ‘ಬರೋಲೋ’ ಎಂಬ ಕೆಂಪು ಮದ್ಯವು ನೆಬ್ಬಿಯೋಲೋ ತಳಿಯೊಂದರಿಂದಲೇ, ಹನ್ನೊಂದು ಗ್ರಾಮಾಡಳಿತಗಳ ಎಲ್ಲೆಯೊಳಗೆ ಬೆಳೆದ ಹಣ್ಣಿನಿಂದ ತಯಾರಾಗತಕ್ಕದ್ದು. ಕನಿಷ್ಠ 38 ತಿಂಗಳು, ಅದರಲ್ಲಿ 18 ತಿಂಗಳು ಮರದ ಪೀಪಾಯಿಗಳಲ್ಲಿ, ಮಾಗತಕ್ಕದ್ದು. 1980ರಲ್ಲಿ ಅದಕ್ಕೆ ಆ ದೇಶದ ಅತ್ಯುನ್ನತ ಮೂಲಸ್ಥಾನ ಮಾನ್ಯತೆ ದೊರೆಯಿತು. ಅಲ್ಲಿ ತಳಿ, ನೆಲ, ಹೆಸರು ಮೂರೂ ಒಂದೇ ಪ್ರಾಂತದವು.

ನಮ್ಮ ದ್ರಾಕ್ಷಿಯ ಚರಿತ್ರೆ ಇಷ್ಟು ಸರಳವಲ್ಲ. ತಜ್ಞರು ಇದನ್ನು ಅಮೆರಿಕದ ‘ಇಸಬೆಲ್ಲಾ’ ತಳಿಯೊಡನೆ ಗುರುತಿಸುತ್ತಾರೆ. ಅಮೆರಿಕದ ಕಾಡುಬಳ್ಳಿಯೂ ಯೂರೋಪಿನ ಬಳ್ಳಿಯೂ ಆಕಸ್ಮಿಕವಾಗಿ ಬೆರೆತು ಹುಟ್ಟಿದ ಈ ಸಂಕರ ತಳಿಯನ್ನು 1816ರ ಸುಮಾರಿಗೆ ನ್ಯೂಯಾರ್ಕ್ ಸಮೀಪದ ಸಸಿತೋಟದ ಒಡೆಯ ವಿಲಿಯಂ ಪ್ರಿನ್ಸ್ ಬಳಕೆಗೆ ತಂದನು. ದಪ್ಪ ಸಿಪ್ಪೆ, ಹಿಸುಕಿದೊಡನೆ ಜಾರಿ ಹೊರಬರುವ ತಿರುಳು, ಮುಂದಾಗಿ ತೋರುವ ಹುಳಿ, ತೀಕ್ಷ್ಣ ಪರಿಮಳ ಇವು ಇದರ ಲಕ್ಷಣಗಳು. ಆ ಪರಿಮಳವೂ ರೋಗಗಳನ್ನು ತಾಳುವ ಶಕ್ತಿಯೂ ಕಾಡುಬಳ್ಳಿಯಿಂದ ಬಂದವು.

ಯೂರೋಪಿನಲ್ಲಿ ಈ ಪರಿಮಳವೇ ದೋಷವೆನಿಸಿತು. 1934ರಲ್ಲಿ ಫ್ರಾನ್ಸ್ ನಿಷೇಧಿಸಿದ ಆರು ತಳಿಗಳಲ್ಲಿ ಇಸಬೆಲ್ಲಾ ಒಂದು. ಇಟಲಿಯ ಈಶಾನ್ಯ ಭಾಗದ ರೈತರು ಇದರಿಂದ ‘ಫ್ರಾಗೋಲಿನೋ’ ಎಂಬ, ಸ್ಟ್ರಾಬೆರಿಯ ವಾಸನೆಯ ಪಾನೀಯವನ್ನು ಮನೆಬಳಕೆಗೆ ಮಾಡುತ್ತ ಬಂದರೂ ಕಾನೂನು ಅದಕ್ಕೆ ಮದ್ಯವೆಂಬ ಹೆಸರನ್ನು ಕೊಡಲಿಲ್ಲ.

ಅದೇ ಬಳ್ಳಿ ನಂದಿಬೆಟ್ಟದ ಸುತ್ತಲಿನ ಕೆಂಪುಮಣ್ಣಿನಲ್ಲಿ, ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬಯಲಿನಲ್ಲಿ, ಬೇರೊಂದು ಜೀವನಕ್ರಮವನ್ನು ಪಡೆಯಿತು. ಪೀಡ್‌ಮಾಂಟಿನಲ್ಲಿ ಚಳಿಗಾಲವಿಡೀ ಬಳ್ಳಿ ಎಲೆಯುದುರಿಸಿ ವಿಶ್ರಮಿಸುತ್ತದೆ. ಫಲ ವರ್ಷಕ್ಕೊಮ್ಮೆ ಮಾತ್ರ. ಇಲ್ಲಿ ಹಿಮದ ಬಾಧೆಯಿಲ್ಲದ ಕಾರಣ, ಚಪ್ಪರದ ಬಳ್ಳಿಯನ್ನು ಕಾಲವರಿತು ಸವರಿ ವರ್ಷದಲ್ಲಿ ಎರಡು ಫಸಲು ತೆಗೆಯುವ ಕ್ರಮವನ್ನು ನಮ್ಮ ರೈತರು ರೂಢಿಸಿಕೊಂಡರು. ಹಣ್ಣು ನೇರವಾಗಿ ತಿನ್ನಲು, ರಸಕ್ಕೆ, ಜಾಮಿಗೆ, ಸಿಹಿಯಾದ ಕೆಂಪು ವೈನಿಗೆ ಒದಗಿತು. 2013ರಲ್ಲಿ ಬೆಂಗಳೂರು ಬ್ಲೂ ಭೌಗೋಳಿಕ ಸೂಚಿಯ ಮಾನ್ಯತೆಯನ್ನು ಪಡೆಯಿತು. ಯೆಮನ್ನಿನಿಂದ ಬಂದುದೆಂಬ ಪ್ರತೀತಿಯಿರುವ ಕಾಫಿಗೆ ಬಾಬಾಬುಡನ್‌ಗಿರಿಯ ಹೆಸರಿನಲ್ಲಿ 2019ರಲ್ಲಿ ಇಂಥದೇ ಮಾನ್ಯತೆ ದೊರೆತುದನ್ನು ಹಾಸನ ಸೀಮೆಯ ಓದುಗರು ಇಲ್ಲಿ ಸ್ಮರಿಸಬಹುದು. ಆದುದರಿಂದ ಸ್ಥಳನಾಮವು ಬೀಜದ ಜನ್ಮಭೂಮಿಯನ್ನಷ್ಟೇ ಅಲ್ಲ, ನೆಲ, ಹವೆ ಮತ್ತು ಕೃಷಿಕರ ದೀರ್ಘಾಭ್ಯಾಸವನ್ನೂ ಸೂಚಿಸುತ್ತದೆಂದು ನಾವು ಭಾವಿಸುತ್ತೇವೆ.

ಆದರೆ ಈ ಮಾನ್ಯತೆ ಹೆಸರನ್ನು ರಕ್ಷಿಸುವುದೇ ಹೊರತು ಹೊಲವನ್ನಲ್ಲ. 1980ರ ದಶಕದ ಕೊನೆಯಿಂದ ನಂದಿಯ ತಪ್ಪಲಿನಲ್ಲಿ ಫ್ರಾನ್ಸಿನ ತಳಿಗಳು ನೆಲೆಯೂರಿ, ಉತ್ತಮ ವೈನಿನ ಕೀರ್ತಿ ಅವುಗಳ ಪಾಲಾಯಿತು. 2008ರಲ್ಲಿ ದೇವನಹಳ್ಳಿಯ ವಿಮಾನನಿಲ್ದಾಣ ಆರಂಭವಾದ ಬಳಿಕ ಸುತ್ತಲಿನ ಭೂಮಿ ನಿವೇಶನಗಳಾಗಿ ಮಾರ್ಪಡತೊಡಗಿತು. ತೋಟಗಳೊಡನೆ ಅವುಗಳ ಚರಿತ್ರೆಯೂ ಅಳಿಯದಂತೆ, ಹಳೆಯ ಬೆಳೆಗಾರರ ಲೆಕ್ಕಪುಸ್ತಕಗಳನ್ನೂ ಕಂದಾಯ ದಾಖಲೆಗಳನ್ನೂ ಬಾಯಿಮಾತಿನ ವಿವರಗಳನ್ನೂ ನಮ್ಮ ವಿದ್ಯಾರ್ಥಿಗಳು ಈಗಲೇ ಸಂಗ್ರಹಿಸುವುದು ಅವಶ್ಯಕ.