ವಿಮಾನದ ಎಂಜಿನ್ ಹೊತ್ತ ಪಂದ್ಯದ ಕಾರು

ಪ್ರಶ್ನೆ: ವಿಮಾನದ ಎಂಜಿನನ್ನೇ ಹೊತ್ತು ಓಡಿದ ಪಂದ್ಯದ ಕಾರೊಂದು ಇಂಗ್ಲೆಂಡಿನಲ್ಲಿತ್ತೆಂಬುದು ನಿಜವೇ? ಈಗ ಅದು ಎಲ್ಲಿದೆ?

ಉತ್ತರ: ನಿಜ. ಜಾನ್ ಕಾಬ್ ಎಂಬ ಸಾಹಸಿಗಾಗಿ ರೀಡ್ ರೈಲ್ಟನ್ ಎಂಬ ಯಂತ್ರಶಿಲ್ಪಿಯು ರೂಪಿಸಿ, ಬ್ರೂಕ್‌ಲ್ಯಾಂಡ್ಸಿನ ಥಾಮ್ಸನ್ ಅಂಡ್ ಟೇಲರ್ ಕಾರ್ಯಾಗಾರದವರು 1933ರಲ್ಲಿ ಕಟ್ಟಿದ ನೇಪಿಯರ್-ರೈಲ್ಟನ್ ಎಂಬುದೇ ಆ ವಾಹನ. ನಾಲ್ಕು ನಾಲ್ಕರ ಮೂರು ಸಾಲುಗಳಲ್ಲಿ ಹನ್ನೆರಡು ಸಿಲಿಂಡರುಗಳುಳ್ಳ, ಸುಮಾರು 24 ಲೀಟರ್ ಗಾತ್ರದ ನೇಪಿಯರ್ ಲಯನ್ ವಿಮಾನಯಂತ್ರವನ್ನು ಒಡಲಲ್ಲಿರಿಸಿಕೊಂಡ ಈ ದೈತ್ಯನಿಗೆ ಮುಂದಿನ ಚಕ್ರಗಳಲ್ಲಿ ಬ್ರೇಕುಗಳೇ ಇರಲಿಲ್ಲವೆಂದ ಮೇಲೆ, ಅದನ್ನು ನಡೆಸಿದವನ ಎದೆಗಾರಿಕೆ ಎಂಥದಿದ್ದೀತೆಂಬುದನ್ನು ವಾಚಕರೇ ಊಹಿಸಿಕೊಳ್ಳಬೇಕು. 1935ರ ಅಕ್ಟೋಬರ್ 7ರಂದು ಕಾಬನು ಈ ಕಾರಿನಲ್ಲಿ, ತಿರುವುಗಳಲ್ಲಿ ಗೋಡೆಯಂತೆ ಮೇಲೆದ್ದ ಬ್ರೂಕ್‌ಲ್ಯಾಂಡ್ಸಿನ ಕಾಂಕ್ರೀಟು ಪಥವನ್ನು ಗಂಟೆಗೆ 143.44 ಮೈಲಿಗಳ ವೇಗದಲ್ಲಿ ಸುತ್ತಿಬಂದು ದಾಖಲೆ ಸ್ಥಾಪಿಸಿದನು. 1939ರಲ್ಲಿ ಯುದ್ಧದ ನಿಮಿತ್ತ ಆ ಪಥವು ಪಂದ್ಯಗಳಿಗೆ ಶಾಶ್ವತವಾಗಿ ಮುಚ್ಚಿಹೋದುದರಿಂದ, ಆ ದಾಖಲೆಯನ್ನು ಮುರಿಯುವ ಅವಕಾಶವು ಮತ್ತಾರಿಗೂ ಒದಗಲಿಲ್ಲ. ಯುದ್ಧಾನಂತರ ಈ ಕಾರಿನ ಪಾಲಿಗೆ ಬಂದುದು ವಿಚಿತ್ರವಾದ ಉದ್ಯೋಗ: ಪ್ಯಾರಾಚೂಟುಗಳನ್ನು ಬೆನ್ನಿಗೆ ಕಟ್ಟಿಕೊಂಡು ನೆಲದ ಮೇಲೆ ಧಾವಿಸಿ, ಅವುಗಳ ಬಲವನ್ನು ಪರೀಕ್ಷಿಸುವುದು! ವೀರನಿಗೆ ಕೂಲಿಕೆಲಸ ದೊರೆತಂತಾಯಿತೆಂದು ಮರುಗುವವರಿಗೆ ಸಮಾಧಾನದ ಸಂಗತಿಯೂ ಉಂಟು. 1997ರಲ್ಲಿ ಬ್ರೂಕ್‌ಲ್ಯಾಂಡ್ಸ್ ವಸ್ತುಸಂಗ್ರಹಾಲಯದವರು ಅದನ್ನು ಕೊಂಡುತಂದರು. ಅಲ್ಲಿಯೇ, ಓಡುವ ಸ್ಥಿತಿಯಲ್ಲಿಯೇ ಇದೆ.